ನಾಲ್ವರು ಮಾವಂದಿರು, ಒಂದೇ ಸೆಟ್ಟಿಂಗು

ಎಡವಿ ಬೀಳುವುದಕ್ಕೆ ಬೇರೆಯವರಿಗೆ ಕಲ್ಲು ಬೇಕು, ನನಗೆ ಬಯಲು ಸಾಕು. ನನ್ನದು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಕೆಲಸ. ಕುಳಿತಲ್ಲೇ ಮಾಡುವಂಥದ್ದು. ಕುಳಿತಲ್ಲೇ ಒಬ್ಬ ಮನುಷ್ಯ ಇಷ್ಟು ಸಲ ಬೀಳಬಹುದು ಎಂಬುದು ನಮ್ಮ ಬಳಗದವರಿಗೆ ಗೊತ್ತಾದದ್ದು ನನ್ನನ್ನು ನೋಡಿದ ಮೇಲೆ.

ಇಂಡಿ ಊರಿನಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯೇ ನನ್ನ ಆಫೀಸು. ಕೆಳಗೆ ಯಾರಾದರೂ ಜೋಳ ಹಾಕಿದರೆ ಮೇಲೆ ನನ್ನ ಕೀಬೋರ್ಡು ನಡುಗುತ್ತದೆ. ಸಂಜೆ ಮನೆಗೆ ಹೋಗುವಾಗ ತಲೆಯ ತುಂಬ ಹಿಟ್ಟು ಕೂತಿರುತ್ತದೆ. ಏನೂ ಕೆಲಸ ಆಗದ ದಿನವೂ ದುಡಿದು ಬಂದವನ ಹಾಗೆ ಕಾಣುತ್ತೇನೆ ಎಂಬುದೊಂದೇ ಅದರಿಂದ ಆಗುವ ಅನುಕೂಲ.

ಹೆಂಡತಿಯ ತವರು ಮುದ್ದೇಬಿಹಾಳ. ಅವಳ ಅಪ್ಪ ಮತ್ತು ಅವರ ಮೂವರು ಅಣ್ಣತಮ್ಮಂದಿರು ಇನ್ನೂ ಕೂಡಿಯೇ ಇದ್ದಾರೆ. ನಾಲ್ಕು ಊರಿನಲ್ಲಿ ನಾಲ್ಕು ದಲಾಲಿ ಅಂಗಡಿ. ಇಂಡಿಯ ನಿಂಬೆಹಣ್ಣಿನ ಅಂಗಡಿ ದೊಡ್ಡ ಮಾವನದು. ಸಿಂದಗಿಯದು ಎರಡನೆಯ ಮಾವನದು. ಮುದ್ದೇಬಿಹಾಳದ್ದು ನನ್ನ ಖಾಸಾ ಮಾವನದು, ಅಂದರೆ ನನಗೆ ಮಗಳನ್ನು ಕೊಟ್ಟು ಆಮೇಲೆ ವಿಚಾರ ಮಾಡಲು ಕುಳಿತವರದು. ಬಸವನ ಬಾಗೇವಾಡಿಯದು ಸಣ್ಣ ಮಾವನದು.

ಯುಗಾದಿಗೆ ತವರಿಗೆ ಹೋದಾಗ ಖಾಸಾ ಮಾವ ಬೇವುಬೆಲ್ಲದ ಬಟ್ಟಲು ಕೈಗೆ ಕೊಡುತ್ತ, ಬೆಲ್ಲದ ಕಡೆಯಿಂದಲೇ ಮಾತು ತೆಗೆದರು. "ಗಿರಣಿ ಮ್ಯಾಲ ಕುಂತು ಏನ್ ಮಾಡ್ತೀರಿ ಅಳಿಯಾವ್ರೆ. ನಮ್ಮ ಗಾದಿ ಮ್ಯಾಲ ಬಂದು ಕುಂದರ್ರಿ."

ಗಾದಿ ಎಂದರೆ ಅಂಗಡಿಯ ಯಜಮಾನ ಕೂರುವ ಮೆತ್ತನೆಯ ಹಾಸಿಗೆ. ಆದರೆ ಅಳಿಯ ಅದರ ಮೇಲೆ ಕುಳಿತ ದಿನವೇ ಅವನ ಹೆಸರು ಹೋಗಿ 'ಮನಿ ಅಳಿಯ' ಎಂದಾಗುತ್ತದೆ. ಮನಿ ಅಳಿಯನಿಗೆ ರೊಟ್ಟಿ ಬಿಸಿ, ಮರ್ಯಾದೆ ಆರಿದ್ದು. ಅದರ ಗಾಬರಿಯಲ್ಲಿ ದೊಡ್ಡ ಮಾತಾಡಿಬಿಟ್ಟೆ. ನಿಮ್ಮ ನಾಲ್ಕೂ ಅಂಗಡಿಗೆ ಒಂದೇ ಪ್ರೋಗ್ರಾಂ ಮಾಡಿಕೊಡುತ್ತೇನೆ, ದೀಪಾವಳಿಯ ಲಕ್ಷ್ಮೀಪೂಜೆಯ ಹೊತ್ತಿಗೆ ಅದು ನಾಲ್ಕೂ ಕಡೆ ನಡೆಯದಿದ್ದರೆ ಬಂದು ಗಾದಿಯ ಮೇಲೆ ಕೂರುತ್ತೇನೆ ಎಂದೆ. ಮಾವ ಆಗಲಿ ಅಂದರು. ಹೆಂಡತಿ ಮಾತ್ರ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದಳು, "ಯಾವ ಕೋಣಿ ಬೇಕು ಈಗ್ಲೇ ಹೇಳ್ರಿ, ಸುಣ್ಣ ಹಚ್ಚಸ್ತೇನಿ."

ಇಲ್ಲೊಂದು ಮಾತು ಹೇಳಬೇಕು. ಅಂಗಡಿಯಿಂದ ಅಂಗಡಿಗೆ ಬದಲಾಗುವ ಸಂಗತಿಗಳಿರುತ್ತವೆ. ದಲಾಲಿ ಎಷ್ಟು, ಚೀಲದ ತೂಕ ಎಷ್ಟು, ಬಾಗಿಲು ಯಾವಾಗ ಹಾಕುವುದು. ಇವನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೆ ಮೊಳೆ ಹೊಡೆದು ಕೂರಿಸಬಾರದು. ಸೆಟ್ಟಿಂಗ್ ಅನ್ನುವ ಒಂದು ಕ್ಲಾಸು, ಅಂದರೆ ಒಂದು ಅಚ್ಚು, ಮಾಡಿ ಎಲ್ಲವನ್ನೂ ಅದರಲ್ಲಿ ಇಡಬೇಕು. ಪ್ರೋಗ್ರಾಮಿನ ಉಳಿದ ಭಾಗಗಳು ಬೇಕಾದಾಗ ಅದನ್ನೇ ಕೇಳಬೇಕು. ಊರು ಬದಲಾದರೆ ಸೆಟ್ಟಿಂಗ್ ಬದಲಿಸಿದರಾಯಿತು, ಉಳಿದದ್ದನ್ನು ಮುಟ್ಟುವ ಹಾಗಿಲ್ಲ. ಇದು ಕಾಲೇಜಿನಲ್ಲಿ ಓದಿದ ಪಾಠ. ಓದಿದ್ದನ್ನು ಮಾಡಲೂ ಬೇಕು ಅನ್ನುವುದು ಆ ಪಾಠದಲ್ಲಿ ಇರಲಿಲ್ಲ.

೧. ನೂರು ಅಂದರೆ ಎಷ್ಟು

ಮೊದಲು ಇಂಡಿಯ ಅಂಗಡಿ. ಮನೆಯ ಹತ್ತಿರ, ತಪ್ಪಾದರೆ ಓಡಿಹೋಗಿ ತಿದ್ದಬಹುದು ಎಂಬ ಲೆಕ್ಕ. ನಿಂಬೆಹಣ್ಣಿನ ವ್ಯಾಪಾರ ಎಣಿಕೆಯ ಮೇಲೆ. ನಾನು ನೂರು ಹಣ್ಣಿಗೆ ನೂರು ಎಂದು ಬರೆದಿದ್ದೆ. ದೊಡ್ಡ ಮಾವ ನೋಡಿ, ನಮ್ಮ ಅಂಗಡಿಯಲ್ಲಿ ನೂರು ಅಂದರೆ ನೂರಾ ನಾಲ್ಕು, ಕೊಳೆತದ್ದು ಒಡೆದದ್ದು ಇರುತ್ತದಲ್ಲ, ಮೇಲೆ ನಾಲ್ಕು ಹಾಕುವುದು ಅಪ್ಪನ ಕಾಲದ ರೂಢಿ ಎಂದರು.

ಆಗ ನಾನು ಮಾಡಬೇಕಾದದ್ದು ಇಷ್ಟೇ. 'ನೂರಕ್ಕೆ ಎಷ್ಟು' ಎಂದು ಒಂದು ಸೆಟ್ಟಿಂಗ್ ಇಟ್ಟು, ಅದರಲ್ಲಿ ನೂರಾ ನಾಲ್ಕು ಎಂದು ಬರೆಯಬೇಕಿತ್ತು. ಊಟದ ಹೊತ್ತಾಗಿತ್ತು. ಪ್ರೋಗ್ರಾಮಿನಲ್ಲಿ ಎಲ್ಲೆಲ್ಲಿ 100 ಇದೆಯೋ ಅಲ್ಲೆಲ್ಲ 104 ಮಾಡು ಎಂದು ಕಂಪ್ಯೂಟರಿಗೆ ಹೇಳಿ ಊಟಕ್ಕೆ ಎದ್ದೆ. ಕಂಪ್ಯೂಟರು ನನ್ನ ಹಾಗಲ್ಲ, ಹೇಳಿದ ಕೆಲಸ ಪೂರ್ತಿ ಮಾಡುತ್ತದೆ.

ಮರುದಿನ ಹಣ್ಣಿನ ಎಣಿಕೆ ಸರಿಯಾಗಿಯೇ ಬಂತು. ಅದರ ಜೊತೆಗೆ ಶೇಕಡಾ ಲೆಕ್ಕವೂ ನೂರಾ ನಾಲ್ಕರ ಮೇಲೆ ಬಂತು. ಬಿಲ್ಲಿನ ಕೆಳಗೆ ಮಾವ ಹೆಮ್ಮೆಯಿಂದ ಹಾಕಿಸಿದ್ದ '100ಕ್ಕೆ 100 ಖರೇ ವ್ಯವಹಾರ' ಅನ್ನುವುದು '104ಕ್ಕೆ 104 ಖರೇ ವ್ಯವಹಾರ' ಆಯಿತು. ಇದನ್ನು ಓದಿದವರು, ಇಷ್ಟು ಖರೇ ಇದ್ದರೆ ಎಲ್ಲೋ ಸುಳ್ಳಿರಬೇಕು ಎಂದು ಬಿಲ್ಲನ್ನು ಎರಡೆರಡು ಸಲ ನೋಡತೊಡಗಿದರು. ಇವೆಲ್ಲಕ್ಕಿಂತ ದೊಡ್ಡದು ಮಾವನ ಮೊಬೈಲ್ ನಂಬರು. ಅದರ ನಡುವೆ ಒಂದು ನೂರು ಇತ್ತು, ಅದೂ ನೂರಾ ನಾಲ್ಕಾಗಿತ್ತು.

ಆ ನಂಬರು ಲಚ್ಯಾಣದ ಒಬ್ಬ ಟೇಲರನದು. ಬಿಲ್ಲು ನೋಡಿ ಫೋನ್ ಮಾಡಿದವರೆಲ್ಲ, ನಿನ್ನೆ ಇಷ್ಟಿತ್ತು ಇಂದೆಷ್ಟು ಎಂದು ಅವನನ್ನು ನಿಂಬೆಯ ದರ ಕೇಳಿದರು. ಮೊದಲು ಬೈದ. ಆಮೇಲೆ ಕೇಳಿ ಕೇಳಿ ದರ ಅವನಿಗೇ ಬಾಯಿಪಾಠವಾಗಿ, ತಾನೇ ಹೇಳಲು ಶುರು ಮಾಡಿದ. ಅವನು ಹೇಳಿದ ದರಕ್ಕೇ ಜನ ಹಣ್ಣು ತಂದು ಇಂಡಿಯಲ್ಲಿ ಇಳಿಸಿದ ಮೇಲೆ ಸಂಗತಿ ಬಯಲಾಯಿತು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅಳಿಯನನ್ನು ಬೈಯುವ ಹಾಗಿಲ್ಲವಲ್ಲ, ದೊಡ್ಡ ಮಾವ ಹೊಗಳಿದರು.

"ನಮ್ಮ ಅಳಿಯಾವ್ರು ನೂರಕ್ಕ ನೂರು ಶ್ಯಾಣ್ಯಾ ಅಂತ ತಿಳ್ಕೊಂಡಿದ್ನಿ," ಅಂದರು. "ನಾಕು ಹೆಚ್ಚ ಅದಾರ."

೨. ಸೊನ್ನೆಯ ಮೇಲೆ ಲಾಭ

ಸಿಂದಗಿಯಲ್ಲಿ ತೊಗರಿ. ಹಮಾಲರು ಚೀಲವನ್ನು ತಕ್ಕಡಿಗೆ ಹಾಕುತ್ತಾರೆ, ಒಬ್ಬ ಗಟ್ಟಿಯಾಗಿ ಎಣಿಸುತ್ತಾನೆ, ಕಂಪ್ಯೂಟರಿನ ಮುಂದೆ ಕುಳಿತ ಹುಡುಗಿ ಬರೆದುಕೊಳ್ಳುತ್ತಾಳೆ. ಆಕೆ ಕೆಲಸಕ್ಕೆ ಹೊಸಬಳು, ಹೇಳಿದ್ದನ್ನು ಹೇಳಿದ ಹಾಗೆ ಬರೆಯುವವಳು.

ನಮ್ಮ ಕಡೆ ಕಾಳು ಅಳೆಯುವಾಗ ಮೊದಲನೆಯದಕ್ಕೆ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತೇವೆ. ಲಾಭ, ಎರಡು, ಮೂರು ಎಂದೇ ಎಣಿಕೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ನಾನೂ ಇದೇ ಮಣ್ಣಿನವನು. ಆದರೆ ಕಂಪ್ಯೂಟರಿನ ಮುಂದೆ ಕುಳಿತರೆ ನನಗೆ ನನ್ನ ಊರು ಮರೆತುಹೋಗುತ್ತದೆ. ಎಣಿಕೆ ಎಲ್ಲಿಂದ ಶುರುವಾಗಬೇಕು ಅನ್ನುವುದೂ ಒಂದು ಸೆಟ್ಟಿಂಗ್ ಎಂದು ನನಗೆ ಹೊಳೆದಿರಲೇ ಇಲ್ಲ.

ಎಣಿಸುವವನು 'ಲಾಭ' ಅಂದ. ಹುಡುಗಿ ಚೀಲದ ನಂಬರಿನ ಜಾಗದಲ್ಲಿ 'ಲಾಭ' ಎಂದು ಬರೆದಳು. ಪ್ರೋಗ್ರಾಂ ಒಪ್ಪಲಿಲ್ಲ, ಅಂಕಿ ಬೇಕು ಅಂದಿತು. ಆಕೆ ಪರದೆಯನ್ನೆಲ್ಲ ಹುಡುಕಿದಳು. ಕೆಳಗೆ ಮೂಲೆಯಲ್ಲಿ 'ಲಾಭ' ಎಂದೇ ಹೆಸರಿದ್ದ ಒಂದು ಖಾನೆ ಸಿಕ್ಕಿತು. ಅದು ಅಂಗಡಿಗೆ ಉಳಿದ ಗಳಿಕೆಯನ್ನು ತೋರಿಸಲು ನಾನು ಮಾಡಿದ್ದು. ಆಕೆ ಮೊದಲನೆಯ ಚೀಲದ ತೂಕವನ್ನು ಅಲ್ಲಿ ಹಾಕಿದಳು. ಆಮೇಲೆ ಬಂದ ಎಲ್ಲ ರೈತರ ಮೊದಲ ಚೀಲವೂ ಅಲ್ಲಿಗೇ ಹೋಯಿತು.

ಸಂಜೆ ಮಾವ ವರದಿ ನೋಡಿ ಹಿಗ್ಗಿದರು. ತೊಗರಿಯಲ್ಲಿ ಇಷ್ಟು ಗಳಿಕೆ ಜೀವಮಾನದಲ್ಲಿ ಕಂಡಿಲ್ಲ, ಅಳಿಯನ ಕೈಗುಣ ಎಂದು ನನಗೆ ಫೋನ್ ಮಾಡಿ ಹೇಳಿದರು. ನಾನೂ, ಎಲ್ಲ ನಿಮ್ಮ ಆಶೀರ್ವಾದ ಅಂದೆ. ಮರುದಿನ ದೇವಣಗಾಂವದ ರೈತನೊಬ್ಬ ಪಟ್ಟಿ ಹಿಡಿದುಕೊಂಡು ಬಂದ. ಅವನ ಮೊದಲನೆಯ ಚೀಲ ಅದರಲ್ಲಿ ಇರಲಿಲ್ಲ. ಎಲ್ಲಿ ಹೋಯಿತು ಎಂದು ಕೇಳಿದ. ಹುಡುಗಿ ಪರದೆ ನೋಡಿ, ಲಾಭದಾಗ ಐತ್ರಿ ಅಂದಳು. ಯಾರ ಲಾಭದಾಗ ಎಂದು ಅವನು ಕೇಳಿದ್ದು ಸಿಂದಗಿಯ ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತಂತೆ.

ನಾನು ಓಡಿಹೋದೆ. ರೈತರ ಚೀಲಗಳನ್ನು ಅವರವರ ಹೆಸರಿಗೆ ಮರಳಿಸಿ, ಮಾವನ ಮುಂದೆ ಕುಳಿತು ಸಮಾಧಾನ ಹೇಳಿದೆ. ತಪ್ಪು ಯಾರದೂ ಅಲ್ಲ, ರೂಢಿಯದು, ನೀವು ಲಾಭದಿಂದ ಎಣಿಸುತ್ತೀರಿ, ನಮ್ಮ ಕಂಪ್ಯೂಟರ್ ಮಂದಿ ಸೊನ್ನೆಯಿಂದ ಎಣಿಸುತ್ತೇವೆ ಎಂದೆ. ಮಾವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು.

"ಖರೇನ ಸೊನ್ನಿಯಿಂದ?"

"ಹೌದ್ರಿ. ಮೊದಲನೇದಕ್ಕ ಸೊನ್ನಿ ಅಂತೇವ್ರಿ."

"ಹಂಗಾರ ಸರಿ ಐತಿ," ಅಂದರು. "ನಾವು ಲಾಭದಿಂದ ಎಣಸ್ತೇವಿ, ಗಾದಿ ಮ್ಯಾಲ ಅದೀವಿ. ನೀವು ಸೊನ್ನಿಯಿಂದ ಎಣಸ್ತೀರಿ, ಗಿರಣಿ ಮ್ಯಾಲ ಅದೀರಿ."

೩. ದಿನಕ್ಕೊಂದು ಅಂಗಡಿ

ದೊಡ್ಡ ಮಾವ ಚಡಚಣದಲ್ಲಿ ಒಣದ್ರಾಕ್ಷಿ ಕೊಳ್ಳಲು ಇಂಡಿ ಅಂಗಡಿಯದೇ ಒಂದು ಕೋಣೆ ಇಟ್ಟಿದ್ದಾರೆ. ಅಲ್ಲಿಯ ಗುಮಾಸ್ತರ ಮನೆಮಾತು ಮರಾಠಿ. ಅವರು ಕನ್ನಡವನ್ನು ಚೆನ್ನಾಗಿಯೇ ಮಾತಾಡುತ್ತಾರೆ, ನಡುನಡುವೆ ಮರಾಠಿ ನುಸುಳುತ್ತದೆ. ಸಂಜೆಯ ಸೆಟ್ಟಿಂಗ್ ಏನಿಡಲಿ, ಆರಕ್ಕೆ ನಿಮ್ಮಲ್ಲಿ ಏನು ಮಾಡುತ್ತೀರಿ ಎಂದು ಫೋನಿನಲ್ಲಿ ಕೇಳಿದೆ.

"ಆರಕ್ಕ ದುಕಾನ ವಾಢವತೇವ್ರಿ," ಅಂದರು.

ನನ್ನ ಮರಾಠಿ ಸೊಲ್ಲಾಪುರದ ಬಸ್ಸು ಕೇಳುವುದಕ್ಕೆ ಸಾಕಾಗುವಷ್ಟು. 'ವಾಢವ' ಅಂದರೆ ಹೆಚ್ಚಿಸು ಎಂದು ಗೊತ್ತಿತ್ತು. ಸಂಜೆ ಗಿರಾಕಿ ಹೆಚ್ಚಾಗುತ್ತಾರೆ, ಇನ್ನೊಂದು ಬಾಗಿಲು ತೆಗೆಯುತ್ತಾರೆ ಎಂದು ತಿಳಿದೆ. ಎಂಥ ಹುರುಪಿನ ಮಂದಿ ಎಂದು ಮೆಚ್ಚಿ, ಆರು ಹೊಡೆದ ಕೂಡಲೇ ಒಂದು ಹೊಸ ಅಂಗಡಿ ಹುಟ್ಟಬೇಕು ಎಂದು ಬರೆದೆ. ನಮ್ಮ ವಿದ್ಯೆಯಲ್ಲಿ ಇದು ಬಲು ಸುಲಭ. ಅಂಗಡಿ ಅನ್ನುವ ಕ್ಲಾಸು ಒಂದಿದ್ದರೆ ಅದರಿಂದ ಬೇಕಾದಷ್ಟು ಅಂಗಡಿಗಳನ್ನು ಎರಕ ಹೊಯ್ಯಬಹುದು.

ಬಾಗಿಲು ಹಾಕುವುದು ಅನ್ನುವ ಮಾತು ಅಪಶಕುನ ಎಂದು ಮರಾಠಿಯಲ್ಲಿ 'ಅಂಗಡಿ ಹೆಚ್ಚಿಸುವುದು' ಅನ್ನುತ್ತಾರಂತೆ. ಗುಮಾಸ್ತರು ಹೇಳಿದ್ದು ಆರಕ್ಕೆ ಅಂಗಡಿ ಮುಚ್ಚುತ್ತೇವೆ ಎಂದು. ಅವರು ಸಂಜೆ ಬೀಗ ಹಾಕಿ ಮನೆಗೆ ಹೋಗುತ್ತಿದ್ದರು, ಅವರ ಬೆನ್ನ ಹಿಂದೆ ಕಂಪ್ಯೂಟರಿನಲ್ಲಿ ಅಂಗಡಿ ಹುಟ್ಟುತ್ತಿತ್ತು. ವಾರ ಕಳೆದು ದೊಡ್ಡ ಮಾವ ಇಂಡಿಯಲ್ಲಿ ಪರದೆ ತೆರೆದರೆ ಅವರ ಹೆಸರಿನಲ್ಲಿ ಅಂಗಡಿಗಳ ಸಾಲೇ ನಿಂತಿತ್ತು.

ಅವರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. "ನಮ್ಮಪ್ಪ ಜೀವಮಾನದಾಗ ಒಂದ ಅಂಗಡಿ ತಗದ," ಅಂದರು. "ಅಳಿಯಾವ್ರು ದಿನಾ ಒಂದು ತಗೀತಾರ. ಎಲ್ಲಾ ಮುಚ್ಚಿದ ಮ್ಯಾಲ."

೪. ವಾರಸಾ

ಇಷ್ಟಾದ ಮೇಲೆ ಪ್ರೋಗ್ರಾಮಿನ ವ್ಯವಸ್ಥೆಯನ್ನು ನಾಲ್ವರಿಗೂ ಒಮ್ಮೆ ತಿಳಿಸಿ ಹೇಳುವುದು ಒಳ್ಳೆಯದು ಅನ್ನಿಸಿತು. ಮುದ್ದೇಬಿಹಾಳದ ಮನೆಯ ಪಡಸಾಲೆಯಲ್ಲಿ ನಾಲ್ವರೂ ಕೂಡಿದರು. ಚಹಾ ಬಂತು. ಒಳಬಾಗಿಲಲ್ಲಿ ಅತ್ತೆ ನಿಂತು ಕೇಳುತ್ತಿದ್ದರು.

ವಿಷಯ ಸರಳ. ನಾಲ್ಕೂ ಅಂಗಡಿಗೆ ಒಂದೇ ರೀತಿ ಇರುವ ಸೆಟ್ಟಿಂಗುಗಳನ್ನು ನಾಲ್ಕು ಸಲ ಬರೆಯಬೇಕಿಲ್ಲ. ಇಂಡಿಯದನ್ನು ಮೂಲ ಎಂದು ಇಟ್ಟುಕೊಂಡರೆ ಉಳಿದ ಮೂರಕ್ಕೆ ಅದು ತಾನಾಗಿ ಇಳಿದು ಬರುತ್ತದೆ. ಯಾವ ಅಂಗಡಿಗಾದರೂ ಬೇರೆ ಬೇಕಿದ್ದರೆ ಅಷ್ಟನ್ನು ಮಾತ್ರ ಬದಲಿಸಿಕೊಳ್ಳಬಹುದು. ಪುಸ್ತಕದಲ್ಲಿ ಇದಕ್ಕೆ ಇಂಗ್ಲಿಷಿನ ಹೆಸರಿದೆ. ಮಾವಂದಿರಿಗೆ ತಿಳಿಯಲಿ ಎಂದು ನಾನು ಅಚ್ಚ ನಮ್ಮ ಮಾತಿನಲ್ಲಿ ಹೇಳಿದೆ.

"ಇಂಡಿ ಅಂಗಡಿ ತಂದಿ ಅಂತ ತಿಳೀರಿ. ಉಳಿದ ಮೂರು ಮಕ್ಕಳು. ತಂದಿದು ಏನೈತಿ, ಎಲ್ಲಾ ಮಕ್ಕಳಿಗೆ ವಾರಸಾದಾಗ ಬರ್ತೈತಿ. ಬ್ಯಾಡಾದ್ರ ಅವ್ರು ತಮ್ಮದು ಬ್ಯಾರೆ ಮಾಡ್ಕೋಬಹುದು."

ಕೂಡಿದ ಮನೆಯಲ್ಲಿ ನಾಲ್ವರು ಅಣ್ಣತಮ್ಮಂದಿರ ನಡುವೆ ಕುಳಿತು ಅಳಿಯನಾದವನು 'ವಾರಸಾ' ಅಂದು, ಅದರ ಹಿಂದೆಯೇ 'ಬ್ಯಾರೆ' ಅಂದರೆ ಏನಾಗಬೇಕೋ ಅದೇ ಆಯಿತು. ಅವರಿಗೆ ಅದು ಆಸ್ತಿ ಪಾಲು ಮಾಡುವ ಮಾತಾಗಿ ಕೇಳಿಸಿತು. ಅತ್ತೆ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ಸಿಂದಗಿಯ ಮಾವ ಖಾಸಾ ಮಾವನನ್ನು ನೋಡಿದರು, ಖಾಸಾ ಮಾವ ನೆಲ ನೋಡಿದರು. ನಾನು ಮಾತ್ರ, ಎಷ್ಟು ಲಕ್ಷ್ಯಗೊಟ್ಟು ಕೇಳುತ್ತಿದ್ದಾರೆ ಎಂದು ಸಂತೋಷಪಟ್ಟು, ಅನುಮಾನ ಇದ್ದರೆ ಕೇಳಿರಿ ಅಂದೆ. ಅನುಮಾನ ಎಲ್ಲರಿಗೂ ಇತ್ತು, ಯಾರೂ ಕೇಳಲಿಲ್ಲ.

ಎರಡು ದಿನ ಬಿಟ್ಟು ಕರಿ ಕೋಟಿನವರೊಬ್ಬರು ಗಿರಣಿಯ ಮೆಟ್ಟಿಲು ಹತ್ತಿ ಬಂದರು. ಕೋಟಿನ ಮೇಲೆ ಹಿಟ್ಟು ಬಿದ್ದದ್ದನ್ನು ಕೊಡವಿಕೊಳ್ಳುತ್ತ, ನಿಮ್ಮ ಮಾವಂದಿರು ಕಳಿಸಿದ್ದಾರೆ, ನಿಮಗೆ ಏನು ಬೇಕು ಎಂದು ಕೇಳಿಕೊಂಡು ಬರಲು ಹೇಳಿದ್ದಾರೆ ಎಂದರು. ವಕೀಲರಿಗೂ ಕಂಪ್ಯೂಟರಿನ ಮೇಲೆ ಎಷ್ಟು ಆಸಕ್ತಿ ಎಂದುಕೊಂಡು ನಾನು ಮನಬಿಚ್ಚಿ ಹೇಳಿದೆ. ನಾಲ್ಕೂ ಅಂಗಡಿಯ ಹಿಡಿತ ಒಂದೇ ಕಡೆ ಇರಬೇಕು, ಆ ಕೀಲಿ ನನ್ನ ಕೈಯಲ್ಲಿರಬೇಕು, ಮಾವಂದಿರು ನನ್ನನ್ನು ಕೇಳದೆ ಏನನ್ನೂ ಮುಟ್ಟಬಾರದು, ಅಷ್ಟಾದರೆ ಮುಂದೆ ತಂಟೆ ಇಲ್ಲ ಎಂದೆ. ಅವರು ಬರೆದುಕೊಂಡರು. ಹೋಗುವಾಗ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

ಅಂದು ಸಂಜೆ ಹೆಂಡತಿಗೆ ತವರಿನಿಂದ ಫೋನು ಬಂತು. ಅವಳು ಮೊದಲು ಅತ್ತಳು, ಆಮೇಲೆ ನನ್ನನ್ನು ಕರೆದು ಕೇಳಿದಳು, ಆಮೇಲೆ ನೆಲದ ಮೇಲೆ ಕುಳಿತು ನಕ್ಕಳು. ಅವಳೇ ಒಬ್ಬೊಬ್ಬರಿಗೆ ಫೋನ್ ಮಾಡಿ ಬಿಡಿಸಿ ಹೇಳಿದಳು. ಸುದ್ದಿ ತಣ್ಣಗಾದ ಮೇಲೆ ದೊಡ್ಡ ಮಾವ ನನ್ನನ್ನು ಕರೆಸಿದರು.

"ಅಳಿಯಾವ್ರೆ, ಇನ್ನ ಮ್ಯಾಲ ನಮಗ ತಿಳಿಯೂ ಹಂಗ ಏನೂ ಹೇಳಬ್ಯಾಡ್ರಿ," ಅಂದರು. "ತಿಳಿಲಾರದಂಗ ಹೇಳ್ರಿ. ಅದ ಚಲೋ ಇತ್ತು."

೫. ಟವೆಲ್ಲಿನ ಅಡಿಯಲ್ಲಿ

ಬಸವನ ಬಾಗೇವಾಡಿಯ ಸಣ್ಣ ಮಾವನದು ಮಾತು ಕಡಿಮೆ. ನಾಲ್ವರಲ್ಲಿ ನನ್ನ ಮಾತನ್ನು ತಲೆದೂಗಿ ಕೇಳುವವರು ಅವರೊಬ್ಬರೇ. ಹಾಗಾಗಿ ಅವರಿಗೆ ಗುಟ್ಟಿನ ಪಾಠ ಹೇಳಿದ್ದೆ. ಸೆಟ್ಟಿಂಗಿನ ಒಳಗೆ ಇರುವುದು ಹೊರಗಿನವರಿಗೆ ಕಾಣಬಾರದು, ಅದಕ್ಕೆ ನಾವು ಪ್ರೈವೇಟ್ ಅನ್ನುತ್ತೇವೆ, ಬೇಕಾದವನು ಬಂದು ಕೇಳಬೇಕು, ಕೇಳಿದವನಿಗೆ ಮಾತ್ರ ಹೇಳಬೇಕು ಎಂದಿದ್ದೆ. ಅವರು, ನಮ್ಮ ಎತ್ತಿನ ವ್ಯಾಪಾರದ ಹಂಗ ಅನ್ರಿ ಅಂದಿದ್ದರು. ನಾನು ಹೌದು ಅಂದಿದ್ದೆ. ನನಗೆ ಎತ್ತಿನ ವ್ಯಾಪಾರ ಗೊತ್ತಿರಲಿಲ್ಲ, ಅಲ್ಲಿ ಟವೆಲ್ಲಿನ ಅಡಿಯಲ್ಲಿ ಬೆರಳು ಒತ್ತಿ ದರ ಹೇಳುತ್ತಾರೆ ಎಂದಷ್ಟೇ ಕೇಳಿದ್ದೆ.

ಅವರ ಅಂಗಡಿಯ ದಲಾಲಿಯ ದರ ಒಂದು ಸೆಟ್ಟಿಂಗಿಗೆ ಬೇಕಿತ್ತು. ಕೇಳಲು ಹೋದರೆ ಅವರು ದನದ ಸಂತೆಯಲ್ಲಿದ್ದರು. ಜೋಡಿ ಎತ್ತಿನ ಮುಂದೆ ನಿಂತು ಹಲ್ಲು ನೋಡುತ್ತಿದ್ದರು. ನಾನು ಗದ್ದಲದಲ್ಲಿ ಕಿವಿಯ ಹತ್ತಿರ ಹೋಗಿ, ನಿಮ್ಮ ದರ ಎಷ್ಟು ಹೇಳಿರಿ, ಪ್ರೈವೇಟ್ ಇಡುತ್ತೇನೆ ಎಂದೆ. ಇಲ್ಲೆ ನಿಂದರ್ರಿ, ಇಲ್ಲಿ ಯಾರೂ ಬಾಯಿಲೆ ಹೇಳಂಗಿಲ್ಲ ಎಂದು ಅವರು ಎತ್ತಿನ ಹಿಂಗಾಲು ನೋಡಲು ಆ ಕಡೆ ಹೋದರು.

ಅಷ್ಟರಲ್ಲಿ ಹಿಂದಿನಿಂದ ಒಂದು ಟವೆಲ್ಲು ನನ್ನ ಕೈಯ ಮೇಲೆ ಬಿತ್ತು. ಅದರ ಅಡಿಯಲ್ಲಿ ಒಂದು ಗಟ್ಟಿ ಕೈ ನನ್ನ ಬೆರಳು ಹಿಡಿಯಿತು. ಎರಡು ಬೆರಳು ಹಿಂಡಿತು, ಬಿಟ್ಟಿತು, ಮತ್ತೆ ಒಂದನ್ನು ಒತ್ತಿತು. ಮಾವ ತಾನೇ ಬಂದು ದರ ಹೇಳುತ್ತಿದ್ದಾರೆ, ಎಂಥ ಶಿಸ್ತು ಎಂದುಕೊಂಡೆ. ಏನೂ ತಿಳಿಯಲಿಲ್ಲ. ಆದರೆ ಅಳಿಯನಿಗೆ ಬೆರಳಿನ ಲೆಕ್ಕ ಬರುವುದಿಲ್ಲ ಎಂದು ಸಂತೆಯಲ್ಲಿ ಗೊತ್ತಾಗುವುದು ಬೇಡ. ಗಂಭೀರವಾಗಿ ತಲೆಯಾಡಿಸಿ, ಆತ್ರಿ, ಪಕ್ಕಾ ಅಂದೆ.

ಟವೆಲ್ಲು ಹಾರಿತು. ಕಂಡರಿಯದ ದಲಾಲಿಯೊಬ್ಬ ನನ್ನ ಅಂಗೈ ಬಡಿದು, ಆತು ಅಂದ. ಸುತ್ತ ನಿಂತವರೂ ಆತು ಅಂದರು. ಎತ್ತಿನ ಹಗ್ಗ ನನ್ನ ಕೈಯಲ್ಲಿತ್ತು. ಎತ್ತು ನನ್ನನ್ನೂ ನಾನು ಎತ್ತನ್ನೂ ನೋಡಿದೆವು, ಇಬ್ಬರಿಗೂ ಏನೂ ಗೊತ್ತಿರಲಿಲ್ಲ.

ಸಣ್ಣ ಮಾವ ಬಂದು ಕೈಕಾಲು ಹಿಡಿದು ವ್ಯವಹಾರ ಮುರಿದರು. ಮುರಿಯುವುದು ಅಷ್ಟು ಸಲೀಸಲ್ಲ, ಎಲ್ಲರಿಗೂ ಚಹಾ ಕುಡಿಸಬೇಕಾಯಿತು. ನಾನು ಇಂಡಿಯ ಬಸ್ಸು ಹಿಡಿಯುವಾಗ ಕಿಟಕಿಯ ಹತ್ತಿರ ಬಂದು, ಹೋಗುವವನಿಗೆ ಒಂದೇ ಮಾತು ಹೇಳಿದರು.

"ನಿಮ್ಮ ಪ್ರೈವೇಟ್ ಬಾಳ ಚಲೋ ಐತ್ರಿ. ಮಾರಿದ ಎತ್ತಿಗೂ ಗೊತ್ತಾಗಲಿಲ್ಲ, ಕೊಂಡಾವ್ರಿಗೂ ಗೊತ್ತಾಗಲಿಲ್ಲ."

೬. ಮರ್ಯಾದೆ

ದೀಪಾವಳಿ ಹತ್ತಿರ ಬಂತು. ಇಂಡಿಯಲ್ಲಿ ನೂರು ಸರಿಯಾಗಿತ್ತು, ಸಿಂದಗಿಯಲ್ಲಿ ಎಣಿಕೆ ಲಾಭದಿಂದ ಶುರುವಾಗುತ್ತಿತ್ತು, ಬಾಗೇವಾಡಿಯ ದರ ಚೀಟಿಯಲ್ಲಿ ಬರೆದು ಬಂದಿತ್ತು. ಎಲ್ಲ ಒಂದೇ ಸೆಟ್ಟಿಂಗಿನ ಕ್ಲಾಸಿನಲ್ಲಿ ಅಚ್ಚುಕಟ್ಟಾಗಿ ಕುಳಿತಿದ್ದವು. ಉಳಿದದ್ದು ಮುದ್ದೇಬಿಹಾಳ ಒಂದೇ. ಲಕ್ಷ್ಮೀಪೂಜೆಯೂ ಅಲ್ಲಿಯೇ, ತೀರ್ಪು ಹೇಳುವವರೂ ಅಲ್ಲಿಯವರೇ. ಹೆಂಡತಿ ಸುಣ್ಣದ ಮಾತು ಬಿಟ್ಟು ದೇವರಿಗೆ ಹರಕೆ ಹೊತ್ತಿದ್ದಳು, ಅದು ಅವಳಿಗೂ ಭಯ ಆಗಿದೆ ಎಂಬುದರ ಗುರುತು.

ಹಮಾಲರು ಪರದೆ ನೋಡಲಾರರು ಎಂದು ಪ್ರೋಗ್ರಾಂ ಸ್ಪೀಕರಿನಲ್ಲಿ ಮಾತಾಡುವ ಹಾಗೆ ಮಾಡಿದ್ದೆ. ಖಾಸಾ ಮಾವ ಅದನ್ನು ಕೇಳಿ ಮುಖ ಸಿಂಡರಿಸಿದರು. "ಹಮಾಲರಿಗೆ ನಾನ 'ಹಾಕ್ರಿ' ಅಂತೇನಿ. ಇದು ನನಗ 'ಹಾಕು' ಅಂತೈತಿ. ಮಾತಿಗೊಂದು ಮರ್ಯಾದಿ ಬ್ಯಾಡೇನ್ರಿ?"

ನನಗೆ ಹೊಳೆಯಿತು. ಮರ್ಯಾದೆ ಅನ್ನುವುದೂ ಒಂದು ಸೆಟ್ಟಿಂಗ್. ಅದು 'ಹೌದು' ಎಂದಿದ್ದರೆ, ಯಂತ್ರ ಏನೇ ಮಾತಾಡಲಿ, ಕೊನೆಗೆ ಒಂದು 'ರಿ' ಹಚ್ಚಬೇಕು. ನಮ್ಮ ಕಡೆಯ ಮರ್ಯಾದೆಯೆಲ್ಲ ಆ ಒಂದು ಅಕ್ಷರದಲ್ಲೇ ಇದೆ. 'ಹಾಕು' ಹಾಕ್ರಿ ಆಯಿತು, 'ತೆಗೆ' ತಗೀರಿ ಆಯಿತು. ಹಮಾಲರಿಂದ ಐದು ಚೀಲ ಹಾಕಿಸಿ ನೋಡಿದೆ. 'ಐದ್ರಿ' ಎಂದು ಎಷ್ಟು ವಿನಯದಿಂದ ಹೇಳಿತೆಂದರೆ ನನಗೇ ಕೈ ಮುಗಿಯಬೇಕು ಅನ್ನಿಸಿತು. ಇನ್ನು ನೋಡುವುದೇನಿದೆ ಎಂದು ಅಲ್ಲಿಗೆ ಬಿಟ್ಟೆ.

ಪೂಜೆಯ ಸಂಜೆ ಕಂಪ್ಯೂಟರಿಗೆ ಚೆಂಡುಹೂವಿನ ಮಾಲೆ, ನೆಲದ ಮೇಲಿನ ಹಲಗೆಯ ತಕ್ಕಡಿಗೆ ಕುಂಕುಮ, ಹೂ. ಗಾದಿಯ ಮೇಲೆ ನಾಲ್ವರು ಮಾವಂದಿರು, ಅವರ ನಡುವೆ ದೊಡ್ಡ ಮಾವನ ಬೀಗರು. ಬೀಗರು ಎಪ್ಪತ್ತು ದಾಟಿದ ಹಿರಿಯರು, ಮೊಳಕಾಲು ನೋವಿನವರು. ಒಮ್ಮೆ ಕುಳಿತರೆ ಏಳಲು ಎರಡು ಆಳು ಬೇಕು. ಪಡಸಾಲೆಯ ತುಂಬ ನೆಂಟರಿಷ್ಟರು ಕುಳಿತಿದ್ದರು. ಪ್ರಸಾದಕ್ಕೆ ಬಂದ ಮಂದಿಯನ್ನು ಬಾಗಿಲಲ್ಲಿ ನಿಲ್ಲಿಸಿದ್ದರು. ಮುಹೂರ್ತಕ್ಕೆ ಹತ್ತು ಚೀಲ ತೊಗರಿ ತೂಗುವುದೆಂದು ಮಾತಾಗಿತ್ತು.

ನಾನು ಗುಂಡಿ ಒತ್ತಿದೆ. ಹಮಾಲರು ಮೊದಲ ಚೀಲ ಹಾಕಿದರು.

"ಲಾಭರಿ," ಅಂದಿತು ಸ್ಪೀಕರು. ಮಾವಂದಿರು ಒಬ್ಬರನ್ನೊಬ್ಬರು ನೋಡಿಕೊಂಡರು. "ಎರಡ್ರಿ. ಮೂರ್ರಿ. ನಾಕ್ರಿ." ಖಾಸಾ ಮಾವ ಮೀಸೆಯಲ್ಲಿ ನಕ್ಕರು. "ಐದ್ರಿ. ಆರ್ರಿ." ನಾನು ಹೆಂಡತಿಯ ಕಡೆ ನೋಡಿ, ಗೆದ್ದೆ ಎಂದು ಹುಬ್ಬು ಹಾರಿಸಿದೆ.

"ಏಳ್ರಿ."

ಇಷ್ಟು ಗಟ್ಟಿಯಾಗಿ, ಇಷ್ಟು ವಿನಯವಾಗಿ ಹೇಳಿದ ಮೇಲೆ ಯಾರು ಕುಳಿತಿರುತ್ತಾರೆ. ಮಂಗಳಾರತಿಯ ಹೊತ್ತಾಗಿರಬೇಕು ಎಂದು ಒಬ್ಬರು ಎದ್ದರು, ಅವರನ್ನು ನೋಡಿ ಸಾಲೆಲ್ಲ ಎದ್ದಿತು. ಬೀಗರು, ಎದ್ದೆವ್ರಿ ಎದ್ದೆವ್ರಿ ಅನ್ನುತ್ತ ಇಬ್ಬರ ಹೆಗಲು ಹಿಡಿದು ನಿಂತರು. ಬೀಗರೇ ನಿಂತ ಮೇಲೆ ಮಾವಂದಿರೂ ನಿಲ್ಲಬೇಕಾಯಿತು. ಗಾದಿ ಖಾಲಿಯಾಯಿತು. ಹಮಾಲರಿಗೆ ಇದು ಯಾವುದೂ ಸಂಬಂಧವಿಲ್ಲ, ಮುಂದಿನ ಚೀಲ ಹಾಕಿದರು.

"ಎಂಟ್ರಿ."

ಬಾಗಿಲಲ್ಲಿ ಕಾಯುತ್ತಿದ್ದವರಿಗೆ ಅಷ್ಟು ಇಂಗ್ಲಿಷು ಬರುತ್ತಿತ್ತು. ಎಂಟ್ರಿ ಬಿಟ್ಟಾರ ನಡೀರಿ ಎಂದು ಎಲ್ಲರೂ ಒಳಗೆ ನುಗ್ಗಿದರು. "ಒಂಬತ್ರಿ" ಅಂದಾಗ ಯಾರಿಗೂ ಏನೂ ತಿಳಿಯದೆ ಕೆಲವರು ಕೈ ಮುಗಿದರು. ನುಗ್ಗಿದವರ ನಡುವೆ ಸಿಕ್ಕಿಕೊಂಡು ಹತ್ತನೆಯ ಚೀಲ ಹೊತ್ತ ಹಮಾಲ ಬಾಗಿಲಲ್ಲೇ ನಿಂತ. ನಾನು ಜನರನ್ನು ತಳ್ಳಿಕೊಂಡು ಯಂತ್ರ ನಿಲ್ಲಿಸಲು ಓಡಿದೆ. ಯಾರದೋ ಮೊಣಕೈ ಮುಂದಿನ ಎಣಿಕೆಯ ಗುಂಡಿಗೆ ತಾಗಿತು.

"ಹತ್ರಿ," ಅಂದಿತು.

ಆ ಪಡಸಾಲೆಯಲ್ಲಿ ಹತ್ತುವುದಕ್ಕೆ ಇದ್ದದ್ದು ಒಂದೇ, ಖಾಲಿ ನಿಂತಿದ್ದ ತಕ್ಕಡಿ. ಅದರ ಮುಂದೆ ಇದ್ದವರು ಬೀಗರು. ಕುಂಕುಮ ಹಚ್ಚಿ ಹೂ ಏರಿಸಿದ ಆ ಪೀಠ ತಮಗಾಗಿಯೇ ಇಟ್ಟದ್ದು ಎಂದು ಅವರಿಗೆ ಅನ್ನಿಸಿದ್ದರೆ ತಪ್ಪಲ್ಲ. ಇಬ್ಬರು ಆಳು ರಟ್ಟೆ ಹಿಡಿದು ಹತ್ತಿಸಿದರು. ಯಂತ್ರ ಒಂದು ಗಳಿಗೆ ವಿಚಾರ ಮಾಡಿ, ತೂಕ ಸರಿ ಐತ್ರಿ ಅಂದಿತು. ಚೀಟಿ ಹೊರಗೆ ಬಂತು. ತೊಗರಿ, ಹತ್ತನೆಯ ಚೀಲ, ಎಪ್ಪತ್ತೆರಡು ಕಿಲೋ.

ನನ್ನ ಕಣ್ಣ ಮುಂದೆ ಸುಣ್ಣ ಹಚ್ಚಿದ ಕೋಣೆ ಕಂಡಿತು. ಬೀಗರು ತಕ್ಕಡಿಯ ಮೇಲಿಂದಲೇ ಚೀಟಿ ಇಸಿದುಕೊಂಡು, ದೂರ ಹಿಡಿದು ಓದಿದರು. ಆಮೇಲೆ ದೊಡ್ಡ ಮಾವನ ಕಡೆ ತಿರುಗಿ ಬಲು ಗಂಭೀರವಾಗಿ ಕೇಳಿದರು.

"ದರಾ ಏನ್ ನಡದೈತ್ರಿ?"

ಆಮೇಲೆ ಎದ್ದ ನಗುವಿನಲ್ಲಿ ಮಂಗಳಾರತಿ ತಡವಾಯಿತು. ನಗು ಇಳಿದ ಮೇಲೆ ದೊಡ್ಡ ಮಾವ, ನಾಲ್ಕೂ ಅಂಗಡಿಯಲ್ಲಿ ನಡೆದಿದೆ, ನಡೆದಿಲ್ಲ ಅನ್ನುವ ಹಾಗಿಲ್ಲ ಎಂದರು. ಎಲ್ಲರೂ ಖಾಸಾ ಮಾವನ ಕಡೆ ನೋಡಿದರು. ಅವರು ಖಾಲಿಯಾದ ಗಾದಿಯನ್ನು ನೋಡಿದರು, ಆಮೇಲೆ ನನ್ನನ್ನು.

"ಪ್ರೋಗ್ರಾಂ ಇರಲಿ. ಅಳಿಯಾವ್ರನ್ನ ಗಾದಿ ಮ್ಯಾಲ ಕುಂದ್ರಸೂ ವಿಚಾರ ನಾ ಬಿಟ್ಟೆ," ಅಂದರು. "ಕುಂತಾವ್ರನ್ನೆಲ್ಲಾ ಎಬ್ಬಸಾವ್ರು ಗಾದಿಗೆ ಬರಂಗಿಲ್ಲ."

ನನಗಾದ ಸಂತೋಷವನ್ನು ಹೇಳಲಾರೆ. ಬೈಸಿಕೊಂಡು ಇಷ್ಟು ಹಿಗ್ಗಿದ್ದು ಅದೇ ಮೊದಲು. ಅಂದು ಹೊಟ್ಟೆ ತುಂಬ ಉಂಡು, ಮಾವನ ಮನೆಯಲ್ಲಿ ಅತಿಥಿಯಾಗಿಯೇ ಮಲಗಿದೆ.

ಮುಂಜಾನೆ ಹೆಂಡತಿ ಹೊದಿಕೆ ಎಳೆದು, "ಏಳ್ರಿ" ಅಂದಳು.

ನಾನು ಕಣ್ಣು ಬಿಡದೆ, "ಎಂಟ್ರಿ" ಅಂದೆ.

"ಒಂಬತ್ತ ಬಿಡ್ರಿ," ಅಂದಳು ಅವಳು. "ನಮ್ಮ ಅಪ್ಪನ ಮನಸ್ಸು ತಿರಗೂದ್ರಾಗ ಬಸ್ ಹತ್ರಿ."